ಅರವತ್ಮೂರನೆಯ ಉದಾಹರಣೆ

ಇಬಿದುನ್ನಿಯ ಅಪ್ಪ ಒಶೋಗ್ಬೊ ರೈಲು ನಿಲ್ದಾಣದಲ್ಲಿ ಗುಮಾಸ್ತನಾಗಿದ್ದ. ಮನೆಗೆ ಯಾರೇ ನೆಂಟರು ಬರಲಿ, ಏಳು ವರ್ಷದ ಮಗಳನ್ನು ಕರೆದು ನಡುಮನೆಯಲ್ಲಿ ನಿಲ್ಲಿಸಿಬಿಡುತ್ತಿದ್ದ.

"ಅಬೆಒಕುಟಾದ ನಿನ್ನ ಸೋದರತ್ತೆ ಮೆಣಸಿನಕಾಯಿ ಚೌಕಾಸಿ ಮಾಡೋದು ಹೇಗೆ, ತೋರಿಸವ್ವ."

ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಶುರುಮಾಡಿದಳೆಂದರೆ ಅತ್ತೆಯೇ ಬಂದು ನಿಂತಂತೆ. ಅದಾದ ಮೇಲೆ ಒಂಡೊ ಕಡೆಯ ಲಾರಿ ಡ್ರೈವರು, ಇಜೆಬು ಕಡೆಯ ಬಟ್ಟೆ ವ್ಯಾಪಾರಿ, ಕೊನೆಗೆ ಹಲ್ಲಿಲ್ಲದ ಸ್ವಂತ ಅಜ್ಜಿ. ಎಲ್ಲರೂ ಆಡುವುದು ಯೊರುಬಾ ಭಾಷೆಯೇ, ಆದರೆ ಊರಿಗೊಂದು ರಾಗ, ಊರಿಗೊಂದು ಎಳೆತ. ನೆಂಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಮ್ಮ ಮಾತ್ರ ಒಳಗಿನಿಂದ ಗೊಣಗುವಳು: "ಬೇರೆಯವರ ಬಾಯಿ ಕದಿಯೋದು ಒಳ್ಳೇ ಚಾಳಿ ಅಲ್ಲ ಕಣ್ರೀ. ಇವಳನ್ನ ನಾಟಕದ ಕಂಪನಿಗೆ ಸೇರಿಸ್ಬೇಕೂಂತಿದ್ದೀರೋ ಹೇಗೆ?"

ನಾಟಕದ ಕಂಪನಿಗೆ ಸೇರಿಸಲಿಲ್ಲ. ಇಬಾದಾನಿಗೆ ಕಳಿಸಿ ಓದಿಸಿದರು. ಅಲ್ಲಿ ಹೋದಮೇಲೆ ತನ್ನ ಈ ಚಾಳಿಗೆ ಭಾಷಾಶಾಸ್ತ್ರ ಎಂಬ ಗೌರವದ ಹೆಸರಿದೆಯೆಂದೂ ಅದಕ್ಕೆ ಸಂಬಳವನ್ನೂ ಕೊಡುತ್ತಾರೆಂದೂ ಅವಳಿಗೆ ಗೊತ್ತಾಯಿತು. ಯೊರುಬಾದ ಒಳನುಡಿಗಳನ್ನು ನಾಲ್ಕು ವರ್ಷ ಅರೆದು ಕುಡಿದಳು. ಆಮೇಲೆ ಅವಳ ಕಣ್ಣು ಯೊರುಬಾದ ದೂರದ ದಾಯಾದಿಗಳ ಮೇಲೆ ಬಿತ್ತು. ಪೂರ್ವಕ್ಕೆ, ಅಕೊಕೊ ಬೆಟ್ಟಗಳಲ್ಲಿ, ಬೆಟ್ಟಕ್ಕೊಂದು ಭಾಷೆ. ಒಂದು ಬೆಟ್ಟದವನು ಬೈದರೆ ಪಕ್ಕದ ಬೆಟ್ಟದವನಿಗೆ ಸಿಟ್ಟೇ ಬರುವುದಿಲ್ಲ, ಅರ್ಥವಾದರೆ ತಾನೆ! ಅಂಥದೊಂದು ಬೆಟ್ಟದ ಮೇಲಿನ ಊರು ಉಗ್ಬಾರೆ. ಅಲ್ಲಿಯ ಮಾತನ್ನು ಅದುವರೆಗೆ ಯಾರೂ ಬರೆದುಕೊಂಡಿರಲಿಲ್ಲ. ಎಳೆಯರು ಆಗಲೇ ಯೊರುಬಾಕ್ಕೆ ವಾಲಿದ್ದರು.

ಸಾವಿರದ ಒಂಬೈನೂರ ಎಂಬತ್ತೊಂದರ ಜನವರಿಯಲ್ಲಿ, ಹರ್ಮಟಾನ್ ಗಾಳಿ ಧೂಳೆಬ್ಬಿಸಿ ತುಟಿ ಒಡೆಸುವ ಕಾಲದಲ್ಲಿ, ಮೂವತ್ತೆರಡರ ಇಬಿದುನ್ನಿ ಉಗ್ಬಾರೆಯಲ್ಲಿ ಇಳಿದಳು. ಕೈಯಲ್ಲೊಂದು ಕ್ಯಾಸೆಟ್ ರೆಕಾರ್ಡರು, ಒಂದು ಪೆಟ್ಟಿಗೆ ಬ್ಯಾಟರಿ, ಇಪ್ಪತ್ತು ಖಾಲಿ ಕ್ಯಾಸೆಟ್ಟು, ಕೊಡುವುದಕ್ಕೆಂದು ಉಪ್ಪು, ಸೀಮೆಎಣ್ಣೆ, ಒಂದು ಡಬ್ಬಿ ನಶ್ಯ. ಊರಿನ ಯಜಮಾನ ಅವಳನ್ನು ಅಶಾಕೆ ಅಜ್ಜಿಯ ಮನೆಗೆ ಕಳಿಸಿದ. "ನಿನಗೆ ಮಾತು ತಾನೇ ಬೇಕು? ಅಲ್ಲಿ ಹೋಗು. ಆಕೆ ನಿಲ್ಸೋದೇ ಇಲ್ಲ," ಎಂದು ನಕ್ಕ.

ಅಶಾಕೆ ಅಜ್ಜಿಗೆ ಎಪ್ಪತ್ತರ ಹತ್ತಿರ. ಒಣಗಿದ ಮೈ, ಚುರುಕು ಕಣ್ಣು, ದವಡೆಯಲ್ಲಿ ಸದಾ ಕೋಲಾ ಕಾಯಿಯ ಚೂರು. ಒಬ್ಬಳೇ ಇದ್ದಳು. ಮೊದಲ ದಿನ ಇಬಿದುನ್ನಿ ಮಂಡಿಯೂರಿ ನಮಸ್ಕರಿಸಿ, ತಲೆಗೆ ಏನಂತೀರಿ, ಕಣ್ಣಿಗೆ ಏನಂತೀರಿ, ನಾಯಿಗೆ ಏನಂತೀರಿ ಎಂದು ಶುರುಮಾಡಿದಾಗ ಅಜ್ಜಿ ಯೊರುಬಾದಲ್ಲಿ ಕೇಳಿದಳು: "ಇಷ್ಟು ಓದಿದ್ದೀಯಂತೆ, ನಾಯಿಗೆ ಏನಂತಾರೆ ಅಂತ ಗೊತ್ತಿಲ್ವಾ? ನಿಮ್ಮೂರಲ್ಲಿ ನಾಯಿಗಳೇ ಇಲ್ವಾ ಮಗಳೇ?"

ಪದಗಳು ಮುಗಿದು ವಾಕ್ಯಗಳಿಗೆ ಬಂದಾಗ ಕಷ್ಟ ಹೆಚ್ಚಿತು.

"ತಾಯಿ ಮಗಳಿಗೆ ಗೆಣಸು ಕೊಟ್ಟಳು. ಇದನ್ನ ನಿಮ್ಮಲ್ಲಿ ಹೇಗೆ ಹೇಳ್ತೀರಿ ಅಜ್ಜಿ?"

"ಯಾವ ತಾಯಿ? ಯಾವ ಮಗಳು?"

"ಯಾರೋ ಒಬ್ಳು ಅಂದ್ಕೊಳ್ಳಿ."

"ಯಾರೂ ಅಲ್ಲದವಳು ಗೆಣಸು ಕೊಟ್ಟಳು ಅಂತ ನಾನ್ಯಾಕಮ್ಮ ಸುಳ್ಳು ಹೇಳ್ಲಿ? ಆಮೇಲೆ ಯಾರಾದ್ರೂ ಬಂದು ಕೇಳಿದ್ರೆ?"

ಮೂರು ವಾರ ಕಳೆಯುವ ಹೊತ್ತಿಗೆ ಅಜ್ಜಿಗೂ ಈ ಆಟ ಹಿಡಿಸಿತು. ಇಲ್ಲದ ರಾಜರು ಇಲ್ಲದ ಮೇಕೆಗಳನ್ನು ಕದ್ದರು, ಇಲ್ಲದ ಹೆಂಡಿರು ಇಲ್ಲದ ಗಂಡಂದಿರಿಗೆ ಸೌಟಿನಲ್ಲಿ ಹೊಡೆದರು. ಇಬಿದುನ್ನಿ ಬರೆದುಕೊಂಡದ್ದೇ ಬರೆದುಕೊಂಡದ್ದು. ಕೊನೆಯ ದಿನ, ರೆಕಾರ್ಡರು ಓಡುತ್ತಿರುವಾಗಲೇ, ಅಜ್ಜಿ ಆಟ ನಿಲ್ಲಿಸಿದಳು. ಎದ್ದು ಹೂಜಿಯಿಂದ ಸೋರೆಬುರುಡೆ ತುಂಬಾ ನೀರು ತಂದಳು. ಒಂದು ಗುಟುಕು ಬಾಯಿಗೆ ಹಾಕಿ, ಉಳಿದದ್ದನ್ನು ಹೊಸಿಲ ಬಳಿ ನಿಧಾನವಾಗಿ ಸುರಿದು, ಬಂದು ಕೂತು ತನ್ನ ಭಾಷೆಯಲ್ಲಿ ಒಂದೇ ಉಸಿರಿಗೆ ಹೇಳಿದಳು: "ಬೊಸೆಡೆ, ನನ್ನ ಮಾತನ್ನ ನಾನೇ ಎತ್ತಿ ವಾಪಸ್ ತಗೊಂಡಿದ್ದೀನಿ, ನೆಲ ತಣ್ಣಗಾಗಿದೆ, ಎದ್ದು ಮನೆಗೆ ಬಾ."

ಇಬಿದುನ್ನಿ ಕುಣಿಯುವುದೊಂದು ಬಾಕಿ. ಒಂದರ ಬೆನ್ನಿಗೆ ಒಂದರಂತೆ ಕ್ರಿಯಾಪದಗಳನ್ನು ಪೋಣಿಸುವ ಇಂಥ ವಾಕ್ಯಕ್ಕಾಗಿ ಮೂರು ವಾರದಿಂದ ಗೋಗರೆದಿದ್ದಳು.

"ಬಹಳ ಚೆನ್ನಾಗಿದೆ ಅಜ್ಜಿ! ಇನ್ನೊಂದು ಸಲ ಹೇಳಿ."

"ಸಲ ಒಂದೇ. ನೀನು ಕೇಳ್ದೆ ತಾನೇ?"

"ಕೇಳ್ದೆ."

"ನಾಳೆ ಇಬಾದಾನಿಗೆ ಹೋಗ್ತೀಯ?"

"ಹೂಂ ಅಜ್ಜಿ, ಬೆಳಗಿನ ಲಾರಿಗೆ."

"ಹಾಗಾದ್ರೆ ಸರಿ," ಎಂದು ಅಜ್ಜಿ ಕಣ್ಣು ಮುಚ್ಚಿದಳು. ಇಬಿದುನ್ನಿ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಳು: 'ನೀರು ಕುಡಿದ ಸದ್ದು. ಅಜ್ಜಿಗೆ ದಣಿವು. ಪುನರುಚ್ಚರಿಸಲಿಲ್ಲ.'

ಇಲ್ಲಿ ನಡೆದ ತಪ್ಪನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಬೊಸೆಡೆ ಇಲ್ಲದ ರಾಜನ ಹೆಂಡತಿಯಲ್ಲ, ಅಜ್ಜಿಯ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬಳೇ ಮಗಳು. ಇಬಿದುನ್ನಿಗೆ ಆ ವಾಕ್ಯದ ಒಂದೊಂದು ಪದವೂ ಅರ್ಥವಾಗಿತ್ತು, ಸ್ವರ ಏರಿದ್ದೆಲ್ಲಿ ಇಳಿದದ್ದೆಲ್ಲಿ ಎಂದು ಗೆರೆ ಹಾಕಿ ಗುರುತಿಸಿದ್ದಳು. ಅದು ಯಾರಿಗೋ ಮುಟ್ಟಿಸಬೇಕಾದ ಮಾತಿರಬಹುದೆಂದು ಮಾತ್ರ ಅವಳಿಗೆ ಹೊಳೆಯಲಿಲ್ಲ. ಬೇರೆ ಯಾರೇ ಆಗಿದ್ದರೂ, ಒಬ್ಬ ಉಪ್ಪಿನ ವ್ಯಾಪಾರಿ ಆಗಿದ್ದರೂ, 'ಬೊಸೆಡೆ ಯಾರಜ್ಜಿ?' ಎಂದು ಕೇಳುತ್ತಿದ್ದ. ಕೇಳದಿರುವಷ್ಟು ಓದಿದವಳು ಇವಳೊಬ್ಬಳೇ.

ಆ ವಾಕ್ಯ ಅವಳ ಸಂಶೋಧನಾ ಪ್ರಬಂಧದಲ್ಲಿ ಅರವತ್ಮೂರನೆಯ ಉದಾಹರಣೆಯಾಯಿತು. ಪ್ರಬಂಧ ಪುಸ್ತಕವಾಯಿತು. ಪುಸ್ತಕ ಅವಳನ್ನು ಪ್ರೊಫೆಸರ್ ಮಾಡಿತು. ಹೊರದೇಶದ ಪಂಡಿತರು ಉಗ್ಬಾರೆಯ ಬಗ್ಗೆ ಜಗಳವಾಡುವಾಗಲೆಲ್ಲ ಅರವತ್ಮೂರನ್ನೇ ಎಳೆದು ತರುತ್ತಿದ್ದರು. ಅವಳ ಗಂಡ ಬದುಕಿದ್ದಾಗ ತಮಾಷೆ ಮಾಡುವುದಿತ್ತು, "ನನಗಿಂತ ಆ ವಾಕ್ಯದ ಜೊತೆಗೇ ನಿನ್ನ ಸಂಸಾರ ಚೆನ್ನಾಗಿದೆ" ಎಂದು. ಪ್ರತಿ ವರ್ಷ ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ಅವಳು ಆ ಕ್ಯಾಸೆಟ್ಟು ಹಾಕಿ ಕೇಳಿಸುತ್ತಿದ್ದಳು. ಅಜ್ಜಿಯ ದನಿ ಒಮ್ಮೆ ಹೇಳಿದ ಮೇಲೆ ನಲವತ್ತು ಐವತ್ತು ಮಕ್ಕಳು ಒಟ್ಟಾಗಿ, ಸ್ವರ ತಪ್ಪದಂತೆ, ಹೇಳುತ್ತಿದ್ದರು: ಬೊಸೆಡೆ, ನೆಲ ತಣ್ಣಗಾಗಿದೆ, ಎದ್ದು ಮನೆಗೆ ಬಾ. ಕಿಟಕಿಯಾಚೆ ಹಾದುಹೋಗುವವರಿಗೆ ಭಜನೆಯಂತೆ ಕೇಳಿಸುತ್ತಿತ್ತು. ಮೂವತ್ತು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಯೂ ಬೊಸೆಡೆ ಯಾರೆಂದು ಕೇಳಲಿಲ್ಲ. ಕೇಳಬಾರದೆಂದು ಅವರಿಗೆ ಕಲಿಸಿದವಳು ಅವಳೇ.

ಇಬಿದುನ್ನಿಗೆ ಅರವತ್ತೊಂಬತ್ತಾಗಿ, ನಿವೃತ್ತಿಗೆ ಒಂದೇ ವರ್ಷವಿದ್ದಾಗ, ಅಕೆರೆಲೆ ಮೇಷ್ಟ್ರು ಅವಳ ಕೋಣೆಗೆ ಬಂದರು. ಉಗ್ಬಾರೆಯವರು, ಬೇರೆ ಊರುಗಳಲ್ಲಿ ಪಾಠ ಹೇಳಿ ನಿವೃತ್ತರಾಗಿ ಊರು ಸೇರಿದ್ದವರು. ತೊಳೆದು ತೊಳೆದು ಬಣ್ಣಗೆಟ್ಟ ಅಗ್ಬಾಡ ನಿಲುವಂಗಿ, ಕಂಕುಳಲ್ಲಿ ಅವಳ ಪುಸ್ತಕದ ಜೆರಾಕ್ಸು.

"ನಮ್ಮ ಮಾತು ಸರಿಯಾಗಿ ಬಲ್ಲವರು ಊರಲ್ಲಿ ಇನ್ನು ಹನ್ನೊಂದೇ ಜನ ಪ್ರೊಫೆಸರಮ್ಮ," ಎಂದರು. "ಮಕ್ಕಳಿಗೊಂದು ಓದೋ ಪುಸ್ತಕ ಮಾಡ್ಬೇಕು. ನೀವು ಕೈಜೋಡಿಸ್ಬೇಕು." ಅವಳು ಸಂತೋಷದಿಂದ ಒಪ್ಪಿದಳು. ಮೇಷ್ಟ್ರು ಏಳುವ ಮುಂಚೆ ಪುಸ್ತಕ ತೆರೆದು ಒಂದು ಪುಟದ ಮೇಲೆ ಬೆರಳಿಟ್ಟರು.

"ಇದೊಂದು ಕೇಳ್ಬೇಕಿತ್ತು. ಅಶಾಕೆ ಅಜ್ಜಿ ಮಗಳನ್ನ ಕ್ಷಮಿಸಿದ್ಲಾ? ಊರಲ್ಲಿ ಯಾರಿಗೂ ಗೊತ್ತೇ ಇಲ್ವಲ್ಲ!"

"ಯಾವ ಮಗಳು?"

ಮೇಷ್ಟ್ರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಬೊಸೆಡೆ. ಇಲ್ಲಿ ನೀವೇ ಬರ್ದಿದ್ದೀರಲ್ಲ, ಅರವತ್ಮೂರು."

ಇಬಿದುನ್ನಿ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಮೇಷ್ಟ್ರು ಹೇಳುತ್ತಾ ಹೋದರು. ಬೊಸೆಡೆ ಹತ್ತೊಂಬತ್ತರ ಹುಡುಗಿಯಾಗಿದ್ದಾಗ, ಎಪ್ಪತ್ನಾಲ್ಕರಲ್ಲಿ, ಇಬಾದಾನಿನ ಲಾರಿ ಡ್ರೈವರನ ಜೊತೆ ಹೊರಟು ನಿಂತಳು. ತಾಯಿ ರಸ್ತೆಯಲ್ಲಿ ಅಡ್ಡಗಟ್ಟಿ, ಮಂಡಿಯೂರಿ, ಎದೆ ಮುಟ್ಟಿಕೊಂಡು ಶಾಪ ಹಾಕಿದಳು: ಈ ಹಾಲು ಕುಡಿದದ್ದು ನಿಜವಾದರೆ ಇನ್ನು ಈ ಹೊಸಿಲು ತುಳಿಯಬೇಡ, ನನ್ನ ಹೆಣ ನೋಡುವುದಕ್ಕೂ ಬರಬೇಡ. ಹೆತ್ತವಳು ಎದೆ ಮುಟ್ಟಿ ಆಡಿದ ಮಾತನ್ನು ದಾಟುವ ಮಕ್ಕಳು ಆ ಸೀಮೆಯಲ್ಲಿಲ್ಲ.

"ಅದನ್ನ ತೆಗೆಯೋಕೆ ನಮ್ಮಲ್ಲಿ ಒಂದೇ ದಾರಿ," ಎಂದರು ಮೇಷ್ಟ್ರು. "ಬಾಯಿಗೆ ನೀರು ಹಾಕ್ಕೊಂಡು, ಹೊಸಿಲಿಗೆ ಸುರಿದು, ಒಬ್ಬ ಸಾಕ್ಷಿ ಮುಂದೆ ಒಂದೇ ಸಲ ಹೇಳ್ಬೇಕು. ಆ ಸಾಕ್ಷಿ ಹೋಗಿ ಮುಟ್ಟಿಸ್ಬೇಕು. ಇನ್ನೊಬ್ಬರ ಕೈಲಿ ಮತ್ತೆ ಹೇಳಿ ಕಳಿಸೋ ಹಾಗಿಲ್ಲ. ಹಾಗೆ ಮಾಡಿದ್ರೆ ಮೊದಲ್ನೇದೂ ಕೆಡುತ್ತೆ."

"ಬೊಸೆಡೆ ಬದುಕಿದ್ದಾರಾ?" ಇಬಿದುನ್ನಿ ಕೇಳಿದಳು.

"ಇದ್ದಾಳೆ. ಇದೇ ಊರಲ್ಲಿ. ಬೋದಿಜಾ ಮಾರ್ಕೆಟ್ಟಲ್ಲಿ ಇರು ಮಾರ್ತಾಳೆ."

ಸಾರಿಗೆ ಹಾಕುವ, ಇರು ಎಂಬ ಆ ಹುದುಗು ಕಾಳನ್ನು ಇಬಿದುನ್ನಿ ಮೂವತ್ತು ವರ್ಷದಿಂದ ಕೊಳ್ಳುತ್ತಿದ್ದದ್ದು ಬೋದಿಜಾ ಮಾರ್ಕೆಟ್ಟಿನಲ್ಲೇ. ವಿಶ್ವವಿದ್ಯಾಲಯದಿಂದ ಅಲ್ಲಿಗೆ ನಡೆದು ಹೋಗುವಷ್ಟೇ ದೂರ.

ಅಂದು ಮಧ್ಯಾಹ್ನ ಅವಳು ಬಾಗಿಲು ಹಾಕಿಕೊಂಡು ಕ್ಯಾಸೆಟ್ಟು ಕೇಳಿದಳು. ಸಾವಿರ ಸಲ ಕೇಳಿದ್ದ ಅದೇ ಮಾತು. ಆದರೆ ಈ ಸಲ ಸ್ವರ ಕೇಳಿಸಲಿಲ್ಲ, ಕ್ರಿಯಾಪದ ಕೇಳಿಸಲಿಲ್ಲ. ಹೊಸಿಲ ಮೇಲೆ ನೀರು ಬೀಳುವ ಸದ್ದು ಕೇಳಿಸಿತು. ಮುದುಕಿಯೊಬ್ಬಳು ಬಿಗುಮಾನ ಬಿಟ್ಟು ಮಗಳನ್ನು ಕರೆಯುವುದು ಕೇಳಿಸಿತು. ಅದರ ಹಿಂದೆಯೇ ಎಳೆಯ ಹೆಂಗಸೊಬ್ಬಳ ಉತ್ಸಾಹದ ಕೂಗು: "ಬಹಳ ಚೆನ್ನಾಗಿದೆ ಅಜ್ಜಿ!" ಆ ದನಿಯನ್ನು ಕೇಳಿ ಇಬಿದುನ್ನಿಗೆ ಹೇಸಿಗೆಯಾಯಿತು.

ಅಂದಿನಿಂದ ಅಜ್ಜಿ ಅವಳನ್ನು ಬಿಡಲಿಲ್ಲ. ದೆವ್ವವಾಗಿ ಕಾಡಿದಳೆಂದಲ್ಲ, ಹಾಗಾಗಿದ್ದರೆ ಪಾದ್ರಿಯನ್ನಾದರೂ ಕರೆಸಬಹುದಿತ್ತು. ಹಾಡುಹಗಲಲ್ಲಿ, ಪಾಠದ ನಡುವೆ, ಕೊನೆಯ ಬೆಂಚಿನಲ್ಲಿ ಯಾರೋ ಕೋಲಾ ಕಾಯಿ ಅಗಿಯುವ ಸದ್ದು. ಹೊರಳಿ ನೋಡಿದರೆ ಖಾಲಿ. ನಲ್ಲಿ ಬಿಟ್ಟು ಕೈ ತೊಳೆಯುವಾಗ ಬೆನ್ನ ಹಿಂದೆ ಒಂದು ಪ್ರಶ್ನೆ: ನೀನು ಕೇಳ್ದೆ ತಾನೇ? ಮಧ್ಯಾಹ್ನದ ಜೊಂಪಿನಲ್ಲಿ ಅಜ್ಜಿ ರಸ್ತೆ ಬದಿ ಕೂತಿರುವುದು ಕಾಣುತ್ತಿತ್ತು. ಮುಖ ಯಾವಾಗಲೂ ಆ ಕಡೆ, ಲಾರಿಗಳು ಬರುವ ಕಡೆ. ಒಂದು ಸಲವೂ ಅವಳತ್ತ ತಿರುಗುತ್ತಿರಲಿಲ್ಲ. ಎರಡನೆಯ ವರ್ಷದ ತರಗತಿಯಲ್ಲಿ ಅರವತ್ಮೂರರ ಪಾಠ ಬಂದ ದಿನ ಅವಳು ಕ್ಯಾಸೆಟ್ಟು ಹಾಕಲಾರದೆ, ತಲೆನೋವೆಂದು ಹೇಳಿ ಮನೆಗೆ ಬಂದುಬಿಟ್ಟಳು.

ಮಾತು ಮುಟ್ಟಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂವತ್ತೇಳು ವರ್ಷ ತನ್ನ ಬಳಿಯೇ ಇತ್ತೆಂದು ಹೇಳಬೇಕೆ? ಫೋನಿನಲ್ಲಿ ಮೇಷ್ಟ್ರನ್ನು ಕೇಳಿದಳು.

"ಮಾತು ಮುಟ್ಟಿದ್ರೆ ಸಾಕಲ್ವಾ ಅಮ್ಮ? ಯಾವಾಗಿನ್ದು, ಯಾರ್ ಹತ್ರ ಇತ್ತು, ಅದೆಲ್ಲ ಯಾಕೆ ಕೆದಕ್ತೀರಿ?" ಎಂದರು ಅವರು. ಒಳ್ಳೆಯ ಮನುಷ್ಯ, ಯಾರ ಮುಖವೂ ಬಾಡಬಾರದೆನ್ನುವ ಜಾತಿ.

ಅವಳಿಗೂ ಬೇಕಾಗಿದ್ದದ್ದು ಅದೇ ಉತ್ತರ. ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಧ್ವನಿಯಲ್ಲಿ ನೀರಿನ ಸದ್ದಿನಿಂದ 'ಮನೆಗೆ ಬಾ' ಎನ್ನುವಲ್ಲಿಯವರೆಗೆ ಇಟ್ಟುಕೊಂಡು, ತನ್ನ ಕೂಗನ್ನೂ ಆಮೇಲಿನ ಮಾತನ್ನೂ ಕತ್ತರಿಸಿ ಹಾಕಿದಳು. ಹನ್ನೊಂದು ಸೆಕೆಂಡು ಉಳಿಯಿತು. ಅದನ್ನು ಫೋನಿಗೆ ಹಾಕಿಕೊಂಡು ಬೋದಿಜಾಕ್ಕೆ ಹೋದಳು.

ಬೊಸೆಡೆಯನ್ನು ಮಾರ್ಕೆಟ್ಟಿನಲ್ಲಿ ಎಲ್ಲರೂ ಮೊರೆನಿಕೆಯ ಅಮ್ಮ ಎನ್ನುತ್ತಿದ್ದರು. ಅರವತ್ತೆರಡು ದಾಟಿದ ದಪ್ಪನೆಯ ಹೆಂಗಸು, ಕೈಯೆಲ್ಲ ಇರುವಿನ ವಾಸನೆ. ಅಜ್ಜಿಯ ಅದೇ ಕಣ್ಣು.

"ಬನ್ನಿ ತಾಯಿ, ಇವತ್ತಿನ ಮಾಲು ಒಳ್ಳೇದಿದೆ," ಎಂದು ಎಲೆಯ ಪೊಟ್ಟಣ ಮುಂದೆ ತಳ್ಳಿದಳು.

"ಕೊಳ್ಳೋಕೆ ಬಂದಿಲ್ಲ. ನಿಮ್ಮ ಅಮ್ಮನ ಮಾತೊಂದಿದೆ ನನ್ನ ಹತ್ರ. ಹಳೇ ಕ್ಯಾಸೆಟ್ಟಲ್ಲಿ... ಈಗ ಸಿಕ್ತು."

ಬೊಸೆಡೆ ಕೈ ಒರೆಸಿಕೊಂಡು ಫೋನನ್ನು ಕಿವಿಗೆ ಹಿಡಿದಳು. ಹನ್ನೊಂದು ಸೆಕೆಂಡು. ಪಕ್ಕದ ಅಂಗಡಿಯವರು ಸಣ್ಣ ಜನರೇಟರ್ ಆರಿಸಿದರು. ಮತ್ತೆ ಕೇಳಿದಳು, ಮತ್ತೆ ಕೇಳಿದಳು. ಆಮೇಲೆ ಆ ದಪ್ಪ ಹೆಂಗಸು ಇರುವಿನ ಬುಟ್ಟಿಗಳ ನಡುವೆ ಕುಸಿದು ಕೂತು, ಎಳೆಗೂಸಿನ ಹಾಗೆ ದನಿ ತೆಗೆದು ಅತ್ತಳು.

ಸುಧಾರಿಸಿಕೊಂಡ ಮೇಲೆ ತಾನಾಗಿಯೇ ಹೇಳಿದಳು. "ಎಂಬತ್ನಾಲ್ಕರಲ್ಲಿ ಅಮ್ಮ ಹೋದ್ಲು ಅಂತ ಸುದ್ದಿ ಬಂತು. ಹೋದೆ. ಊರ ಕೆಳಗೆ ಹಳ್ಳದ ಸೇತುವೆ ಇದೆಯಲ್ಲ, ಅಲ್ಲೇ ನಿಂತೆ. ಡೋಲಿನ ಸದ್ದು ನಿಲ್ಲೋವರೆಗೂ ನಿಂತಿದ್ದು ವಾಪಸ್ ಬಂದೆ. ಮೇಲೆ ಹತ್ತೋಕೆ ಧೈರ್ಯ ಆಗ್ಲಿಲ್ಲ ತಾಯಿ. ಎರಡು ಮಕ್ಕಳು ಹೋದ್ವು. ಎರಡು ಸಲಾನೂ ಅವಳ ಮಾತೇ ನೆನಪಾಯ್ತು. ಉಳಿದ ಒಬ್ಬಳು ಮಗಳಿಗೆ ಇವತ್ತಿನವರೆಗೂ ಜೋರಾಗಿ ಒಂದು ಮಾತು ಆಡಿಲ್ಲ ನಾನು. ನನ್ನ ಬಾಯಿಂದ ಏನಾದ್ರೂ ಬಂದುಬಿಟ್ರೆ ಅಂತ ಭಯ."

ಹೀಗೆಂದು ಅವಳು ಎದ್ದು, ಎಲ್ಲರೆದುರು, ಇಬಿದುನ್ನಿಯ ಮುಂದೆ ಮಂಡಿಯೂರಿದಳು. "ನೀವು ನನ್ನ ಪಾಲಿನ ದೇವರು. ನಿಮ್ಮ ಹೊಟ್ಟೆ ತಣ್ಣಗಿರ್ಲಿ. ನಿಮ್ಮ ಮಕ್ಕಳು ನಿಮ್ಮನ್ನ ಮಣ್ಣು ಮಾಡ್ಲಿ, ನೀವು ಅವರನ್ನ ಮಾಡೋದು ಬೇಡ." ಮಾರ್ಕೆಟ್ಟಿನ ಹೆಂಗಸರೆಲ್ಲ ಹಾಗೇ ಆಗಲಿ ಎಂದರು. ಇಬಿದುನ್ನಿಗೆ ನಿಂತ ನೆಲವೇ ಬಿರಿಯಬಾರದೇ ಅನ್ನಿಸಿತು. ಹೇಳಿಬಿಡು, ಈಗಲೇ ಹೇಳಿಬಿಡು ಎಂದು ಒಳಗೆ ಒಂದು ದನಿ ಒದರುತ್ತಿತ್ತು. ಬಾಯಿ ಮಾತ್ರ, "ಏಳಿ, ಏಳಿ, ದೊಡ್ಡವರು ನೀವು ಹೀಗೆಲ್ಲ..." ಎಂದು ತೊದಲಿತು. ತಾನೇ ಅವಳಿಗಿಂತ ಏಳು ವರ್ಷ ದೊಡ್ಡವಳೆಂಬುದೂ ಆ ಗಳಿಗೆಯಲ್ಲಿ ಮರೆತುಹೋಗಿತ್ತು.

ಶನಿವಾರ ಬೆಳಿಗ್ಗೆ ಇಬ್ಬರೂ ಉಗ್ಬಾರೆಗೆ ಹೊರಟರು. ಅಮ್ಮನ ಹೊಸಿಲು ತುಳಿಯುವಾಗ ಇಬಿದುನ್ನಿ ಜೊತೆಗೆ ಬಾರದಿದ್ದರೆ ಬೊಸೆಡೆ ಬಿಡುತ್ತಿರಲಿಲ್ಲ. ಆರು ಗಂಟೆಯ ದಾರಿಯುದ್ದಕ್ಕೂ ಅವಳು ಬುತ್ತಿ ಬಿಚ್ಚಿ ಬಾಳೆಕಾಯಿ ಕರಿದದ್ದು, ಮೊಟ್ಟೆ, ಕಿತ್ತಳೆ ಎಂದು ಇಬಿದುನ್ನಿಯ ಕೈಗೆ ತುರುಕುತ್ತಿದ್ದಳು. ಇವಳು ಅದನ್ನೆಲ್ಲ ತಿನ್ನದೆ ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ಹಳ್ಳದ ಸೇತುವೆ ಬಂದಾಗ ಬೊಸೆಡೆ ಕಣ್ಣು ಮುಚ್ಚಿಕೊಂಡಳು. ವ್ಯಾನು ದಾಟಿ ಮೇಲೆ ಹತ್ತಿತು.

ಲಾರಿ ನಿಲ್ದಾಣದಲ್ಲಿ ಮೇಷ್ಟ್ರು ಕಾಯುತ್ತಿದ್ದರು. ಬೇವಿನ ಮರವೊಂದನ್ನು ತೋರಿಸಿ ಏನೋ ನೆನಪಾದವರಂತೆ ಅಂದರು: "ಕಡೇ ದಿನಗಳಲ್ಲಿ ಅಶಾಕೆ ಅಜ್ಜಿ ಸಂತೆ ದಿನ ತಪ್ಪದೆ ಇಲ್ಲೇ ಬಂದು ಕೂರೋಳಂತೆ. ಇಬಾದಾನ್ ಲಾರಿ ಬಂದು ಜನ ಎಲ್ಲ ಇಳಿದ ಮೇಲೆ ಎದ್ದು ಹೋಗೋಳಂತೆ. ನೆರಳಿಗೆ ಕೂರೋಕೆ ಬರ್ತಾಳೆ ಅಂದ್ಕೊಂಡಿದ್ರು ಎಲ್ಲ."

ಇಬಿದುನ್ನಿ ಮರದ ಕಡೆ ನೋಡಲಿಲ್ಲ. ಜೊಂಪಿನಲ್ಲಿ ಕಾಣುತ್ತಿದ್ದ ಜಾಗ ಅದೇ ಎಂದು ನೋಡದೆಯೂ ಅವಳಿಗೆ ಗೊತ್ತಿತ್ತು.

ಮನೆಯಲ್ಲಿ ಈಗ ದಾಯಾದಿಗಳಿದ್ದರು. ಅಜ್ಜಿಯನ್ನು ಪದ್ಧತಿಯಂತೆ ಮುಂದಿನ ಕೋಣೆಯಲ್ಲೇ ಮಣ್ಣು ಮಾಡಿ ಮೇಲೆ ಸಿಮೆಂಟು ಬಳಿದಿದ್ದರು. ಹೊಸಿಲ ಮುಂದೆ ಬೊಸೆಡೆ ನಿಂತುಬಿಟ್ಟಳು. ಮೇಷ್ಟ್ರು ಸನ್ನೆ ಮಾಡಿದರು. ಇಬಿದುನ್ನಿ ಫೋನು ಎತ್ತಿ ಹಿಡಿದಳು. ನೀರು ಸುರಿದ ಸದ್ದು, ಆಮೇಲೆ ಅಜ್ಜಿಯ ದನಿ, ಎದ್ದು ಮನೆಗೆ ಬಾ. ಬೊಸೆಡೆ ಚಪ್ಪಲಿ ಬಿಟ್ಟು, ನಲವತ್ನಾಲ್ಕು ವರ್ಷಗಳ ಮೇಲೆ, ಒಳಗೆ ಕಾಲಿಟ್ಟಳು. ಸಿಮೆಂಟಿನ ಮೇಲೆ ಮುಖವಿಟ್ಟು ಬಹಳ ಹೊತ್ತು ಮಲಗಿದ್ದಳು. ದಾಯಾದಿಗಳು ಒಬ್ಬೊಬ್ಬರಾಗಿ ಹೊರಗೆ ಹೋದರು. ಮೇಷ್ಟ್ರೂ ಇಬಿದುನ್ನಿಯೂ ಉಳಿದರು.

ಬೊಸೆಡೆ ಎದ್ದು ಕೂತಳು. "ಅಮ್ಮನಿಗೆ ಉತ್ತರ ಹೇಳ್ಬೇಕು. ಈ ಮಾತು ಆಡಿ ನಲವತ್ತು ವರ್ಷ ಆಯ್ತು, ಮರೆತೇ ಹೋಗಿದೆ, ಅಮ್ಮ ಕರೆದ ಆ ಮಾತೊಂದು ಗುರುತು ಸಿಕ್ತು ಅಷ್ಟೆ, ಬರೀ ಇಬಾದಾನ್ ಮಾತು ಬಾಯಿಗೆ ಬರುತ್ತೆ. ಯೊರುಬಾದಲ್ಲಿ ಹೇಳಿದ್ರೆ ಅವಳು ಕೇಳಿಸ್ಕೊಳ್ಳಲ್ಲ, ಹಠಮಾರಿ. ಮೊದಲು ನೀವು ಹೇಳಿ ತಾಯಿ. ಅಮ್ಮಾ, ನಿನ್ನ ಮಾತು ಮುಟ್ಟಿತು, ಬಂದಿದ್ದೀನಿ ಅನ್ನಿ. ಆಮೇಲೆ, ನಿನ್ನ ಮಾತು ಹೊತ್ತು ತಂದ ಈ ತಾಯಿಯನ್ನ ಆಶೀರ್ವಾದ ಮಾಡು ಅನ್ನಿ."

ಇಬಿದುನ್ನಿ ಸಿಮೆಂಟಿನ ಎದುರು ಮಂಡಿಯೂರಿದಳು. ಉಗ್ಬಾರೆಯ ವ್ಯಾಕರಣ ಬರೆದವಳು ಅವಳು. ಆದರೆ ಅದರಲ್ಲಿ ತನ್ನದೆಂದು ಒಂದು ಮಾತನ್ನೂ ಯಾರಿಗೂ ಅವಳು ಹೇಳಿರಲಿಲ್ಲ. ಬೊಸೆಡೆಯ ಮೊದಲ ಮಾತನ್ನು ಹೇಳಿದಳು. ಎರಡನೆಯದಕ್ಕೆ ಬಂದಾಗ ನಾಲಿಗೆ ಏಳಲಿಲ್ಲ. ತನ್ನ ತಲೆಯ ಮೇಲೆ ತಾನೇ ಆಶೀರ್ವಾದ ಬೇಡಿಕೊಳ್ಳುವುದೆ, ಅದೂ ಇವಳ ಎದುರು! ಅವಳ ಬಾಯಿಂದ ಬೇರೆಯೇ ಮಾತು ಬಂತು. ಉಗ್ಬಾರೆಯಲ್ಲಿ, ತಡೆತಡೆದು ಹೇಳಿದಳು: "ಅಜ್ಜಿ, ನಿಮ್ಮ ಮಾತನ್ನ ಇಟ್ಟುಕೊಂಡವಳು ನಾನು. ಮುಟ್ಟಿಸಲಿಲ್ಲ. ಅದರಿಂದಲೇ ಹೊಟ್ಟೆ ಹೊರೆದೆ. ನಿಮ್ಮ ಮಗಳ ತಪ್ಪಿಲ್ಲ."

ಮೇಷ್ಟ್ರು ಸರಕ್ಕನೆ ತಲೆಯೆತ್ತಿದರು. ಮತ್ತೆ ತಗ್ಗಿಸಿದರು. ಮಾತು ತಿಳಿಯದ ಬೊಸೆಡೆಯ ಮುಖ ಅರಳಿತ್ತು.

"ಎಷ್ಟು ಉದ್ದ ಹೇಳಿದ್ರಿ! ರಾಗ ಥೇಟ್ ಅಮ್ಮನದೇ. ಈಗ ನನಗೆ ಹೇಳ್ಕೊಡಿ. ನೀವು ಹೇಳಿದ್ದನ್ನೇ, ಒಂದೊಂದೇ ಮಾತು. ನನ್ನ ಬಾಯಿಂದ್ಲೂ ಹೋಗ್ಲಿ." ಮಗುವಿನಂತೆ ತುಟಿ ಅಗಲಿಸಿ, ಅವಳ ಬಾಯನ್ನೇ ನೋಡುತ್ತಾ ಕೂತಳು.

ಬೇರೆ ವಾಕ್ಯ ಹೇಳಿಕೊಡಬಹುದಿತ್ತು. ಮೇಷ್ಟ್ರು ಬಾಯಿ ಬಿಡುತ್ತಿರಲಿಲ್ಲ. ಆದರೆ ಆ ಮುಖದೆದುರು ಇನ್ನೊಂದು ಮಾತನ್ನು ಕತ್ತರಿಸುವ ಶಕ್ತಿ ಇಬಿದುನ್ನಿಗೆ ಉಳಿದಿರಲಿಲ್ಲ.

"ಅದನ್ನ ನೀವು ಹೇಳೋ ಹಾಗಿಲ್ಲ ಬೊಸೆಡೆ," ಎಂದಳು ಯೊರುಬಾದಲ್ಲಿ. "ಅದು ನನ್ನ ಮಾತು. ಕ್ಯಾಸೆಟ್ಟು ಈಗ ಸಿಕ್ಕಿದ್ದಲ್ಲ. ಅವತ್ತು ನಿಮ್ಮ ಅಮ್ಮನ ಎದುರು ಕೂತಿದ್ದವಳೇ ನಾನು. ಸಾಕ್ಷಿ ನಾನು. ನನ್ನನ್ನ ನಂಬಿ ಹೇಳಿದ್ರು. ನಾನು ಪುಸ್ತಕದಲ್ಲಿ ಬರ್ಕೊಂಡು, ಪಾಠ ಮಾಡ್ಕೊಂಡು ಇದ್ಬಿಟ್ಟೆ. ಇದು ನಿಮಗೆ ಸೇರಿದ್ದು ಅಂತ ಹೊಳೀಲೇ ಇಲ್ಲ."

ಬೊಸೆಡೆ ಸಿಮೆಂಟಿನ ಕಡೆ ತಿರುಗಿದಳು. "ಯಾವ ವರ್ಷ?"

"ಎಂಬತ್ತೊಂದು."

"ಅಮ್ಮ ಹೋಗಿದ್ದು ಎಂಬತ್ನಾಲ್ಕು." ಬೆರಳು ಮಡಿಸಿದಳು, ಒಂದು, ಎರಡು, ಮೂರು. ಹೊರಗೆ ಲಾರಿ ನಿಲ್ದಾಣದ ಕಡೆ ನೋಡಿದಳು. "ಹಾಗಾದ್ರೆ ಮೂರು ವರ್ಷ ಆ ಮರದ ಕೆಳಗೆ ಕಾದಿದ್ದಾಳೆ. ಮಾತು ಮುಟ್ಟಿಯೂ ಮಗಳು ಬರ್ಲಿಲ್ಲ ಅಂದ್ಕೊಂಡೇ ಸತ್ತಿದ್ದಾಳೆ."

ಇಬಿದುನ್ನಿ ಕಾದಳು. ಬೈಯಲಿ, ಹೊಡೆಯಲಿ, ಎದೆ ಮುಟ್ಟಿಕೊಂಡು ಶಾಪವನ್ನೇ ಹಾಕಲಿ ಎಂದು ಕಾದಳು. ಬೊಸೆಡೆಯ ಬಾಯಿ ತೆರೆಯಿತು. ಅಂಗೈಯಿಂದ ತನ್ನ ಬಾಯನ್ನು ತಾನೇ ಗಟ್ಟಿಯಾಗಿ ಮುಚ್ಚಿಕೊಂಡಳು. ಹಾಗೇ ಇದ್ದು, ಉಸಿರು ಹದಕ್ಕೆ ಬಂದ ಮೇಲೆ ಕೈ ತೆಗೆದು, ಮೆಲ್ಲನೆ ಹೇಳಿದಳು: "ಇಬ್ಬರೂ ಹೊರಗೆ ಹೋಗಿ. ನಾನು ಅಮ್ಮನ ಹತ್ರ ಮಾತಾಡ್ಬೇಕು."

ಹೊರಗೆ ಕಿಟಕಿಯ ಕೆಳಗೊಂದು ಮರದ ಬೆಂಚಿತ್ತು. ಮೇಷ್ಟ್ರು ಅಲ್ಲಿ ನಿಲ್ಲದೆ ರಸ್ತೆಗಿಳಿದರು. ಇಬಿದುನ್ನಿ ಅದರ ಮೇಲೆ ಕೂತಳು. ಒಳಗಿನಿಂದ ಬೊಸೆಡೆಯ ದನಿ ಬರತೊಡಗಿತು. ಮೊದಲು ಮಾರ್ಕೆಟ್ಟಿನ ಯೊರುಬಾ. ನಡುನಡುವೆ ತಡವರಿಸುತ್ತಾ ಒಂದೊಂದು ಉಗ್ಬಾರೆ ಪದ. ಆಮೇಲೆ, ಅಳು ಜೋರಾದಂತೆ, ಎರಡು, ಮೂರು, ಸಾಲು ಸಾಲು. ಎಳೆಯ ಮಕ್ಕಳು ಅಮ್ಮನನ್ನು ಕೂಗುವ ಮಾತುಗಳು, ಮುದ್ದಿನ ಮಾತುಗಳು, ಹಸಿವಾದಾಗಿನ ಮಾತುಗಳು ಇರಬೇಕು. ನಲವತ್ತು ವರ್ಷಗಳ ಅವಳ ಪಟ್ಟಿಗಳಲ್ಲಿ ಅವು ಒಂದೂ ಇರಲಿಲ್ಲ. ಇಬಿದುನ್ನಿಯ ಕಿವಿ ನೆಟ್ಟಗಾಯಿತು. ಕೈ ತಾನಾಗಿ ಚೀಲದೊಳಗೆ ಹೋಗಿ ಪೆನ್ನನ್ನು ಹುಡುಕಿ ಹಿಡಿಯಿತು.

ಅವಳು ಆ ಕೈಯನ್ನು ನೋಡಿದಳು. ಪೆನ್ನನ್ನು ಬಿಟ್ಟು, ಬೆಂಚಿನಿಂದ ಎದ್ದು, ಆ ದನಿ ಕೇಳಿಸದಷ್ಟು ದೂರ ನಡೆದುಹೋದಳು.